ಬಾಗಿಲೊಳಗಿನ ಸಪ್ಪಳ

೯ ನವೆಂಬರ್ ೧೯೮೬, ರವಿವಾರ. ಕಲಘಟಗಿ.

ಆ ಸುಣ್ಣದ ಡಬ್ಬಿ ತಲೆಯಿಂದ ಹೋಗುತ್ತಿಲ್ಲ.

ನನ್ನ ಹಳೆಯ ಮಾರಿಸ್ ಕಾರಿನ ಎಡಬಾಗಿಲಲ್ಲಿ, ಕೊಂಡಾಗಿನಿಂದಲೂ ಏನೋ ಕಟಕಟ ಅನ್ನುತ್ತಿತ್ತು. ಬಿಜಾಗರಿ ಬದಲಿಸಿದೆ, ನಟ್ಟು ಬಿಗಿ ಮಾಡಿದೆ, ಜಗ್ಗಲಿಲ್ಲ. ಮೊನ್ನೆ ಬಾಗಿಲಿನ ಒಳಹಲಗೆ ಬಿಚ್ಚಿದರೆ ತಳದಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ! ಗಾಜು ಇಳಿಯುವ ಸಂದಿಯಿಂದ ಬಿದ್ದಿರಬೇಕು ಅಂದುಕೊಂಡು ತೆಗೆದೆ. ಸದ್ದು ನಿಂತಿತು. ಎಷ್ಟು ಬೀಗಿದೆನೋ!

ಇವತ್ತು ತಂಬೂರಿಗೆ ಹೋಗಿ, ಕಾರು ಮಾರಿದ ಬಸವಣ್ಣೆವ್ವನವರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದೆ. ಗಂಡ ತೀರಿಕೊಂಡ ಮೇಲೆ ಅವರು ಇದರಲ್ಲಿ ಕೂತದ್ದು ಇದೇ ಮೊದಲು. ಹೊಗಳುತ್ತಾರೆಂದು ಕಾದೆ.

“ಇದು ನಮ್ಮ ಗಾಡಿ ಅನಸವಲ್ದ್ರಿ, ಮಾಸ್ತರ. ಆ ಸಪ್ಪಳ ಎಲ್ಲಿ ಹೋತು? ಓಣ್ಯಾಗ ಅದು ಕೇಳಿದ ಕೂಡಲೇ ನಾ ಒಲಿಮ್ಯಾಲೆ ಹಂಚು ಇಡ್ತಿದ್ದೆ.”

ನಾನು ಕಿಸೆಯಿಂದ ಡಬ್ಬಿ ತೆಗೆದು ಅವರ ಅಂಗೈಯಲ್ಲಿಟ್ಟೆ. ನೋಡಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇದು ಕಳೀತಂತ ನಮ್ಮ ಮನಿಯವ್ರು ಊರೆಲ್ಲಾ ಹುಡುಕಿದ್ರು. ತಂಬಾಕ ತಿನ್ನೂದು ಮಾತ್ರ ಬಿಡ್ಲಿಲ್ಲ ನೋಡ್ರಿ. ತಗೋರಿ, ಇದ್ದಲ್ಲೇ ಹಾಕ್ರಿ.”

ಹಾಕಿದೆ. ಮರಳಿ ಬರುವಾಗ ದಾರಿಯುದ್ದಕ್ಕೂ ಕಟಕಟ. ಯಾಕೋ ಸಿಟ್ಟು ಬರಲಿಲ್ಲ.

ಆದರೆ ಡಬ್ಬಿ ಎಲ್ಲಿ ಸಿಕ್ಕಿತೆಂದು ನಾನು ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಹಾಕ್ರಿ ಅನ್ನುವಾಗ ಬೆರಳು ಮಾಡಿದ್ದು ನೆಟ್ಟಗೆ ಎಡಬಾಗಿಲಿನ ಗಾಜಿನ ಸಂದಿಗೆ. ಅಂದರೆ ಆ ಡಬ್ಬಿ ತಾನಾಗಿ ಬಿದ್ದದ್ದಲ್ಲ; ಗಂಡನ ತಂಬಾಕು ಬಿಡಿಸಲು ಅವರೇ ಹಾಕಿದ್ದು.