ಯಾರೂ ಅಳಬಾರದು

ಅಕ್ಟೋಬರ್ 3, ಗುರುವಾರ

ಬೆಳಿಗ್ಗೆ ಮಾರುಕಟ್ಟೆ. ದೋನ್ ಹಸಿಂತೊನ ಆಲೂಗಡ್ಡೆಗೆ ಗಿರಾಕಿ ಕರೆಯಲು ಮೈಕಿನಲ್ಲಿ ಕೂಗಿದೆ. ಗಂಟಲೇ ನನ್ನ ಬಂಡವಾಳ. ಈಗ ಅದೇ ಲಿಮಾದಿಂದ ಪ್ರಶಸ್ತಿಯನ್ನೂ ತಂದಿದೆ — ಅತ್ಯುತ್ತಮ ನಟಿ! ಮೊಣಕೈಯುದ್ದದ ಕಂಚಿನ ಹೆಂಗಸು. ತೂಕದಲ್ಲಿ ಮೋಸವಿಲ್ಲ.

ನಿರ್ದೇಶಕ ರೋಲಾಂದೊನ ಸಿನಿಮಾದಲ್ಲಿ ನಾನು ಉಗ್ರರ ಕಮಾಂಡರ್. ಊರಿಗೆ ನುಗ್ಗಿ ಒಬ್ಬನನ್ನು ಕೊಲ್ಲಿಸಿ, ಅವನ ತಾಯಿಗೆ "ಯಾರೂ ಅಳಬಾರದು" ಎನ್ನುವವಳು. ಚಿತ್ರಕಥೆಯಲ್ಲಿ ಆ ಮಾತಿರಲಿಲ್ಲ. ತಾನಾಗಿ ಬಾಯಿಗೆ ಬಂತು. ತೀರ್ಪುಗಾರರು ಅದನ್ನೇ ಹೊಗಳಿದ್ದಾರೆ: "ಕಣ್ಣಾರೆ ಕಂಡವರಿಗಷ್ಟೇ ಹೊಳೆಯುವ ಮಾತು."

ತರಕಾರಿ ಹೆಂಗಸರು: "ಕಮಾಂಡರ್ ಬಂದ್ಲು, ಈರುಳ್ಳಿ ಬಚ್ಚಿಡ್ರೇ!"

"ಕೊಳೆತದ್ದಕ್ಕೆ ಮಾತ್ರ ಮರಣದಂಡನೆ ಕಣ್ರೇ," ಅಂದೆ. ಬಿದ್ದು ಬಿದ್ದು ನಕ್ಕರು.

ಅವ್ವ ಮಾತ್ರ ಸಿನಿಮಾಕ್ಕೆ ಬರಲಿಲ್ಲ. ಕಂಚನ್ನು ಮುಟ್ಟಲೂ ಇಲ್ಲ. "ಕಿಟಕೀಲಿ ಇಡಬೇಡ ಮಿರಾ. ಹೊರಗಿನವರಿಗೆ ಕಾಣ್ಸುತ್ತೆ."

ಅಕ್ಟೋಬರ್ 7, ಸೋಮವಾರ

ಒಬ್ಬ ಸಂಸದ ಟೀವಿಯಲ್ಲಿ ನನ್ನ ತುಣುಕು ತೋರಿಸಿದ. ಬಂದೂಕು, ಕೆಂಪು ಬಾವುಟ, ನನ್ನ ದನಿ. ಅಷ್ಟೇ. ಆಮೇಲೆ ಬರುವ ಹೆಣ, ತಾಯಿ, ಊರಿನ ಮೌನ — ಎಲ್ಲಕ್ಕೂ ಕತ್ತರಿ. "ಸರ್ಕಾರದ ದುಡ್ಡಲ್ಲಿ ಟೆರೂಕಳಿಗೆ ಪ್ರಶಸ್ತಿ! ಆ ಮಾತನ್ನ ಈ ಹೆಂಗಸು ಎಲ್ಲಿ ಕಲಿತಳು? ಮೊದಲು ಅದನ್ನ ವಿಚಾರಿಸಿ!"

ಟೆರೂಕ. ಉಗ್ರಳು ಅನ್ನುವ ಬೈಗುಳ. ನಾನು ಚಿಕ್ಕವಳಿದ್ದಾಗ ನಮ್ಮ ಈ ಹುವಾಮಂಗಾದಲ್ಲಿ ಆ ಹೆಸರು ಅಂಟಿದವರು ಮನೆಗೆ ಮರಳುತ್ತಿರಲಿಲ್ಲ. ಇವತ್ತು ಅದನ್ನೇ ನಮ್ಮ ಗೋಡೆಯ ಮೇಲೆ ಬರೆದು ಹೋಗಿದ್ದಾರೆ. ಒಳ್ಳೆಯ ಬಣ್ಣ. ಅಗ್ಗದ್ದಲ್ಲ.

ಹಸಿಂತೊ ಮುಖ ಕೊಟ್ಟು ಮಾತಾಡಲಿಲ್ಲ. "ಈ ವಾರ ಮೈಕ್ ಬೇಡ ಮಿರಕ್ಕ. ನಿನ್ನ ದನಿ ಕೇಳಿದ್ರೆ ಜನ ತಿರುಗಿ ನೋಡ್ತಾರೆ."

"ತಿರುಗಿ ನೋಡ್ಲಿ ಅಂತಾನೇ ಅಲ್ವೇನಯ್ಯ ನನ್ನ ಕರೆದಿದ್ದು?"

ಯಾರೂ ನಗಲಿಲ್ಲ.

ಸಂಜೆ ಬೀದಿಯ ಕೊನೆಯಲ್ಲಿ ನಂಬರಿಲ್ಲದ ಬಿಳಿ ಪಿಕಪ್. ಬಾಗಿಲು ತೆರೆಯಲಿಲ್ಲ. ಹೋಗಲೂ ಇಲ್ಲ.

ಅಕ್ಟೋಬರ್ 10, ಗುರುವಾರ

ರೋಲಾಂದೊ ಫೋನ್ ಮಾಡಿದ. ನಿರ್ದೇಶಕನ ಗತ್ತೆಲ್ಲ ಇಳಿದಿದೆ. "ಪ್ರಶಸ್ತಿ ವಾಪಸ್ ತಗೊಂಡ್ರು ಅಕ್ಕ. ನಾಳೆ ಪ್ರತಿಮೆ ಇಸ್ಕೊಳ್ಳೋಕೆ ಬರ್ತಾರೆ. ಕೊಟ್ಟುಬಿಡು, ಕೇಸು ಹಾಕಲ್ವಂತೆ."

"ಕೊಡದಿದ್ರೆ?"

"ಮನೆ, ಹಿತ್ತಲು ಎಲ್ಲಾ ಅಗೆದು ಹುಡುಕ್ತಾರೆ. ಉಗ್ರರನ್ನ ಹೊಗಳಿದ್ದಕ್ಕೆ ಜೈಲು... ನಿನಗೇ ಗೊತ್ತಲ್ಲ."

ಕಪಾಟು ನೋಡಿದೆ. ಖಾಲಿ.

ಅವ್ವ ಜೋಳ ಬೇಯಿಸುತ್ತಿದ್ದಳು. "ಹೂತಿಟ್ಟೆ," ಅಂದಳು, ಉಪ್ಪು ಹಾಕಿದೆ ಅನ್ನುವ ಹಾಗೆ. ಉಗ್ರರೂ ಸೈನಿಕರೂ ಸರದಿಯಲ್ಲಿ ಊರಿಗೆ ನುಗ್ಗುತ್ತಿದ್ದ ಕಾಲದ ಅಭ್ಯಾಸ. ಬೂಟಿನ ಸದ್ದಾದರೆ ಪುಸ್ತಕ, ರೇಡಿಯೊ, ಕೆಂಪು ಲಂಗ — ಎಲ್ಲ ಮಣ್ಣಿಗೆ.

"ಎಲ್ಲಿ ಅವ್ವಾ?"

ಒಲೆ ಬಿಟ್ಟು ಎದ್ದು ಹಿತ್ತಲಿನ ಮೊಯೆ ಮರದ ಕೆಳಗೆ ಹೋಗಿ ಕೂತಳು. ಊಟವೂ ಅಲ್ಲೇ. ಪಾಪಸುಕಳ್ಳಿಯ ಬುಡ ಅಗೆದೆ, ಗಿನಿಯಿಲಿ ಗೂಡಿನ ಹಿಂದೆ ಅಗೆದೆ. ಏನಿಲ್ಲ. ಉಳಿದದ್ದು ಅವಳು ಕೂತ ಜಾಗ. ಪಾತ್ರೆ ತೊಳೆದ ನೀರನ್ನೂ ಅಲ್ಲಿ ಚೆಲ್ಲಲು ಬಿಟ್ಟವಳಲ್ಲ.

"ಏಳವ್ವ."

"ಇಲ್ಲಿ ಬೇಡ. ಇಲ್ಲಿ ಸೆವೆರೋ ಇದಾನೆ."

ಸೆವೆರೋ ಮಾವ, ಅವಳ ತಮ್ಮ. ಕೆಲಸ ಹುಡುಕಿಕೊಂಡು ಕರಾವಳಿಗೆ ಹೋದ ಎಂದೇ ನನ್ನನ್ನು ನಂಬಿಸಿದ್ದಳು.

"ಯಾರು ಕೊಂದ್ರು?"

"ಬೂಟು ಹಾಕಿದ್ರು. ಎರಡೂ ಕಡೆಯೋರು ಬೂಟೇ ಹಾಕ್ತಿದ್ರು." ಅಂಗೈಯಿಂದ ನೆಲ ಸವರಿದಳು. "ಹೋಗೋವಾಗ ಒಬ್ಬ ಹೇಳ್ದ, ಯಾರೂ ಅಳಬಾರದು ಅಂತ. ನೀನು ಅತ್ತಾಗೆಲ್ಲ ನಿನ್ನ ಬಾಯಿ ಮುಚ್ಚಿ ನಾನೂ ಅದನ್ನೇ ಹೇಳ್ತಿದ್ದೆ."

ಸಂಸದರೇ, ವಿಚಾರಣೆ ಮುಗಿಯಿತು. ಕಲಿತದ್ದು ಇಲ್ಲಿ.

"ಕಂಚನ್ನ ಅವನ ಹತ್ರ ಯಾಕಿಟ್ಟೆ?"

"ಕಾಯ್ತಾನೆ ಅಂತ."

ಅಕ್ಟೋಬರ್ 11, ಶುಕ್ರವಾರ

ಅವರು ಅಗೆದರೆ ಮಾವನೂ ಸಿಗುತ್ತಾನೆ. ಟೆರೂಕಳ ಹಿತ್ತಲಲ್ಲಿ ಹೆಣ. ಯಾರ ಹೆಣ ಎಂದು ಕೇಳುವ ಮೊದಲೇ ಟೀವಿಯಲ್ಲಿ ಬರುತ್ತದೆ. ನಾನೇ ಮೊದಲು ಅಗೆದು, ಕಂಚನ್ನು ಅವರ ಕೈಗಿಡಬೇಕು.

ಮಧ್ಯಾಹ್ನ 3

ಗುದ್ದಲಿ ಸದ್ದು ಕೇಳಿಸದಿರಲೆಂದು ಬೀದಿ ಬಾಗಿಲಲ್ಲಿ ಧ್ವನಿವರ್ಧಕ ಹಚ್ಚಿದೆ. ರೆಕಾರ್ಡಿನಲ್ಲಿ ನನ್ನದೇ ದನಿ: "ಹಿಟ್ಟಿನಂಥ ಆಲೂಗಡ್ಡೆ, ಬನ್ನಿ ತಾಯಂದಿರೇ!"

ಕಂಚು ಸಿಕ್ಕಿತು. ಅದರ ಕೆಳಗೆ ಮಾವ ಹೊದ್ದ ಕಂದು ಪೊಂಚೋ. ಅಂಚಿನ ಹೊಲಿಗೆ ಅವ್ವನ ಕೈಯದು. ಅದನ್ನು ಸರಿಸಲಿಲ್ಲ. ಮತ್ತೆ ಮಣ್ಣು ಎಳೆದು ಮುಚ್ಚಬೇಕು, ಈಗಲೇ, ಆದರೆ ಅವ್ವ ಗುಂಡಿಯೊಳಗೆ ಇಳಿದು ಕೂತಿದ್ದಾಳೆ. ಕರೆದೆ. ಎಳೆದೆ. ಏಳುತ್ತಿಲ್ಲ. ಸುಮ್ಮನೆ ನಿಲ್ಲಲಾಗದೆ ಬರೆಯುತ್ತಿದ್ದೇನೆ.

ಪಿಕಪ್ ಸದ್ದು. ಬಾಗಿಲು ಬಡಿಯುತ್ತಿದ್ದಾರೆ.

ರೆಕಾರ್ಡು ಮುಗಿಯಿತು.

ಅವ್ವ ಅಳುತ್ತಿದ್ದಾಳೆ. ಜೋರಾಗಿ, ಬಾಯಿ ತೆರೆದು, ತಮ್ಮನ ಹೆಸರು ಹಿಡಿದು... ಅವಳು ಅತ್ತದ್ದನ್ನು ನಾನು ಕಂಡೇ ಇಲ್ಲ. ಬೀದಿಗೆ ಕೇಳಿಸುತ್ತದೆ. ಬಾಯಿ ಮುಚ್ಚಬೇಕು. ಶ್ ಅನ್ನಬೇಕು. ಆ ಮಾತು ನನ್ನ ಬಾಯಿಗೆ ಬರು—