ತಂಬೂರಿಯಾದ ಗಿಟಾರು

ಕೊಟ್ಟೂರು
೧೧-೬-೧೯೯೯, ಶುಕ್ರವಾರ

ಮಗಳು ಅರ್ಚನಾಳಿಗೆ ಅಪ್ಪನ ತುಂಬು ಆಶೀರ್ವಾದ.

ಅಲ್ಲ, ನಿನ್ನೆ ಫೋನಿನಲ್ಲಿ ನಾನು ಹೇಳಲು ಹೊರಟಿದ್ದು ಅದಲ್ಲ. ಬೂತಿನವನು ಬೆನ್ನ ಹಿಂದೆ ನಿಂತು ‘ಯಜಮಾನ್ರ, ಮಂದಿ ಕಾಯಾಕ ಹತ್ಯಾರ’ ಅನ್ನುತ್ತಿದ್ದ. ನೀನು ಆ ಕಡೆಯಿಂದ ಬರೀ ‘ಹ್ಞೂಂ ಅಪ್ಪ’ ಅನ್ನುತ್ತಿದ್ದೆ. ನಾನು ಸೆಕೆಯ ಮಾತು, ಬಸ್ಸಿನ ಮಾತು ಆಡಿ ಇಟ್ಟುಬಿಟ್ಟೆ.

ನಿನ್ನ ಷರತ್ತು ಮರೆತಿಲ್ಲ. ಪಿಯುಸಿ ಪರೀಕ್ಷೆ ಮುಗಿದ ದಿನ ಹರಪನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯ ಮೆಟ್ಟಿಲ ಮೇಲೆ ಕುಳಿತು ನೀನು ಹೇಳಿದ್ದೆ: ‘ಕೊಟ್ಟೂರಾಗ ಗಿಟಾರ್ ಕಲ್ಸೋರು ಒಬ್ರನ್ನ ತೋರ್ಸಪ್ಪ, ಡಿಗ್ರಿ ಮನ್ಯಾಗಿದ್ದ ಮಾಡ್ತೀನಿ. ಇಲ್ಲಾಂದ್ರ ದಾವಣಗೆರಿಗೆ ಹೊಕ್ಕೀನಿ, ಅಲ್ಲಿ ಕ್ಲಾಸ್ ಐತಿ.’ ಎರಡೂ ಕಡೆ ಅರ್ಜಿಗೆ ಸೋಮವಾರ ಕೊನೆ. ನಿನ್ನ ಅವ್ವ ಹೋದ ಮೇಲೆ ನೀನು ಸುಕನ್ಯಾ ಚಿಕ್ಕಮ್ಮನ ಹತ್ತಿರ ಹೋದೆ. ನಿನ್ನ ಗಿಟಾರಿಗೆ ಅಲ್ಲಿ ಜಾಗವಿಲ್ಲದೆ ಅದು ಇಲ್ಲಿ ಗೂಟಕ್ಕೆ ಉಳಿಯಿತು. ಇನ್ನು ನೀನು ಬರುತ್ತೀ ಎಂದುಕೊಂಡೇ ನಾನು ಪಡಸಾಲೆಗೆ ಸುಣ್ಣ ಹೊಡೆಸಿದ್ದು. ನಾಲ್ಕು ದಿನದಿಂದ ಕುಂತಲ್ಲಿ ಕೂರಲಾಗುತ್ತಿಲ್ಲ. ಗಿರಾಕಿ ಬೆಲ್ಲ ಕೇಳಿದರೆ ಉಪ್ಪು ಕಟ್ಟಿಕೊಡುತ್ತಿದ್ದೇನೆ.

ಹುಡುಕದೆ ಕೂತೆನೆಂದು ತಿಳಿಯಬೇಡ. ಕೂಡ್ಲಿಗಿಯಲ್ಲಿ ಮದುವೆ ಆರ್ಕೆಸ್ಟ್ರಾದವರೊಬ್ಬರಿದ್ದಾರೆಂದು ಕೇಳಿ ಅಂಗಡಿಗೆ ಬೀಗ ಹಾಕಿ ಹೋದೆ. ಗಿಟಾರು ಇತ್ತು, ಕೆಂಪು ಬಣ್ಣದ್ದು, ಥಳಥಳ ಅನ್ನುತ್ತಿತ್ತು. ನುಡಿಸುವವರು ಯಾರೆಂದರೆ ಮಾಲೀಕ ನಕ್ಕ: ‘ನುಡ್ಸೋರು ಯಾರೂ ಇಲ್ರಿ. ಎಲ್ಲಾ ಕೀಬೋರ್ಡಿನಾಗ ಬರ್ತೈತಿ. ಇದು ಸ್ಟೇಜಿನ ಮ್ಯಾಲೆ ಹಿಡ್ಕೊಂಡು ನಿಂದ್ರಾಕ. ಹಿಡಿಯೋನು ಚಂದ ಇರ್ಬೇಕು, ಅಷ್ಟ.’ ಹಗರಿಬೊಮ್ಮನಹಳ್ಳಿಯ ಪುಸ್ತಕದಂಗಡಿಯಲ್ಲಿ ಹೊಸಬರಿಗೆ ಗಿಟಾರ್ ಕಲಿಸುವ ಪುಸ್ತಕ ಕೇಳಿದೆ. ಅವನು ಹಾರ್ಮೋನಿಯಂ ಪುಸ್ತಕ ಕೈಗಿಟ್ಟು ‘ಎರಡ್ರಾಗೂ ಸರಿಗಮನ ಅಲ್ರಿ, ಒಯ್ರಿ’ ಎಂದ. ಕಡೆಗೆ ಹೊಸಪೇಟೆಯಿಂದ ಒಂದು ಇಂಗ್ಲಿಷ್ ಪುಸ್ತಕ ತರಿಸಿದೆ. ಜೊತೆಗೆ ಕ್ಯಾಸೆಟ್ ಇದೆಯೆಂದು ಮೇಲೆ ಬರೆದಿದೆ, ಒಳಗೆ ಇರಲಿಲ್ಲ.

ನೆಸೆಸಿಟಿ ಈಸ್ ದಿ ಫಾದರ್ ಆಫ್ ಇನ್ವೆನ್ಷನ್ ಎಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಫಾದರ್ ಅಲ್ಲ, ಮದರ್ ಇರಬೇಕು. ಇರಲಿ, ನಮ್ಮ ಮನೆಯಲ್ಲಿ ಈಗ ಫಾದರೇ ಮಾಡಬೇಕಲ್ಲ. ಮಗ್ಗುಲಿಗೆ ನಿಘಂಟು ಇಟ್ಟುಕೊಂಡು ಪುಸ್ತಕ ಓದಿದೆ. ಯಾವ ತಂತಿಯ ಮೇಲೆ ಯಾವ ಬೆರಳು ಎಂದು ಚುಕ್ಕಿ ಇಟ್ಟು ಚಿತ್ರ ಬರೆದಿದ್ದಾರೆ. ನಮ್ಮ ಓಣಿಯಲ್ಲೊಬ್ಬರು, ನಿನಗೂ ಗುರುತಿನವರೇ, ಆ ಚಿತ್ರ ನೋಡಿ ನಿನ್ನ ಗಿಟಾರಿನ ಮೇಲೆ ಕಲಿಯಲು ಕೂತರು. ಹೆಸರು ಬೇಡ, ವಯಸ್ಸಾದವರು, ನಾಚಿಕೊಳ್ಳುತ್ತಾರೆ. ಪುಸ್ತಕದಿಂದಲೇ ಕಲಿಯಲು ಬರುತ್ತದೆಂದಾದರೆ ಮೇಷ್ಟ್ರ ಹಂಗಿಲ್ಲದೆ ನೀನೂ ಇಲ್ಲೇ ಕಲಿಯಬಹುದು ಎಂಬುದು ನನ್ನ ಲೆಕ್ಕಾಚಾರ.

ಬಸವ ಜಯಂತಿಯಿಂದ ಬೆಳಿಗ್ಗೆ ಸಂಜೆ ಪಟ್ಟು ಹಿಡಿದು ಕೂತರು. ಬೆರಳು ಚಿತ್ರದಲ್ಲಿದ್ದ ಹಾಗೆಯೇ ಇರುತ್ತಿತ್ತು, ಸದ್ದು ಮಾತ್ರ ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಪಕ್ಕದ ಮನೆಯ ಅಂಜಿನಕ್ಕ ಗೋಡೆಯಾಚೆಯಿಂದ ‘ಶಿವಯೋಗಪ್ಪಣ್ಣ, ನಿಮ್ಮ ಮನ್ಯಾಗ ಇಲಿ ತಂತಿ ಕಡ್ಯಾಕ ಹತ್ಯಾವು, ನೋಡ್ರಿ’ ಎಂದಳು. ಆ ಮನುಷ್ಯನಿಗೆ ತನ್ನ ಬೆರಳೇ ದಡ್ಡ ಅನ್ನಿಸಿ ಊಟ ಸೇರದಾಯಿತು.

ಹೋದ ಭಾನುವಾರ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹಡಗಲಿ ದಾಟಿ ಮಾಗಳಕ್ಕೆ ಹೋದೆ. ಅಲ್ಲಿ ಪ್ರಬುದ್ಧ ಎಂಬ ಪ್ರೈಮರಿ ಶಾಲೆಯ ಮೇಷ್ಟ್ರು ಹೋರಾಟದ ಹಾಡಿನ ತಂಡದಲ್ಲಿ ಗಿಟಾರು ನುಡಿಸುತ್ತಾರೆಂದು ತಿಳಿದಿತ್ತು. ಮೂವತ್ತು ದಾಟಿಲ್ಲ. ಹೊಳೆಯಿಂದ ಆಗ ತಾನೇ ಮಿಂದು ಬಂದಿದ್ದರು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಆರೂ ತಂತಿಯ ಮೇಲೆ ಒಮ್ಮೆ ಬೆರಳು ಎಳೆದು ನನ್ನ ಮುಖ ನೋಡಿದರು.

‘ಕಾಕಾ, ಇದಕ್ಕ ಶ್ರುತಿ ಮಾಡ್ದೋರು ಯಾರು?’

‘ನಮ್ಮೂರ ಭಜನಿ ಬೊಮ್ಮಪ್ಪ. ಹಾರ್ಮೋನಿಯಂ ಹಿಡಿದ್ರ ಅವನ ಕೈ.’

‘ಕೈಯೇನೋ ಚಲೋ ಐತಿ. ಸಾ, ಪಾ, ಸಾ ಅಂತ ಸೇರ್ಸ್ಯಾನ. ಗಿಟಾರ್ ಅಲ್ರಿ ಇದು, ತಂಬೂರಿ ಆಗೈತಿ. ಈ ಪುಸ್ತಕದ ಬೆರಳು ಇದರ ಮ್ಯಾಲೆ ಇಟ್ರ ದೇವ್ರು ಬಂದ್ರೂ ಸ್ವರ ಹೊಂಡಂಗಿಲ್ಲ.’

ನೀನು ಹೋದ ಮೇಲೆ ತಂತಿ ಜೋತು ಬಿದ್ದಿದ್ದವು. ಬೊಮ್ಮಪ್ಪ ಬಿಗಿದು ಕೊಟ್ಟ, ಸೋಮವಾರದ ಭಜನೆಗೆ ಶ್ರುತಿ ಹಿಡಿಯಲು ಒಯ್ದು ತಂದು ಇಡುತ್ತಿದ್ದ. ಅವನು ಮಾಡಿದ್ದಾನಲ್ಲ ಎಂದು ಪುಸ್ತಕದ ಶ್ರುತಿಯ ಪಾಠವನ್ನೇ ಬಿಟ್ಟು ಮುಂದಕ್ಕೆ ಹೋಗಿದ್ದೆವು. ಪ್ರಬುದ್ಧ ಒಂದೊಂದೇ ಬಿರಡೆ ತಿರುಗಿಸಿ, ಕಿವಿ ಕೊಟ್ಟು ಕೇಳಿ ಸರಿ ಮಾಡಿದರು. ಆಮೇಲೆ ಪುಸ್ತಕದ ಅದೇ ಚಿತ್ರದಂತೆ ಬೆರಳಿಟ್ಟು ಎಳೆದರು. ಅರ್ಚನಾ, ಏನು ಹೇಳಲಿ, ನಿನ್ನ ಅವ್ವ ಅದನ್ನು ತಂದ ದಿನ ನೀನು ಅಂಗಳದಲ್ಲಿ ಕೂತು ಎಬ್ಬಿಸಿದೆಯಲ್ಲ, ಅದೇ ನಾದ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ನಿನ್ನೆ ಹೇಳದೆ ಉಳಿದದ್ದು ಇನ್ನು ಮುಂದಿನದು. ಕೊಟ್ಟೂರಿಗೆ ಬಂದು ಮಗಳಿಗೆ ಕಲಿಸುತ್ತೀರಾ ಎಂದು ಕೇಳಿದೆ. ತಿಂಗಳಿಗೊಮ್ಮೆ ಬರಬಹುದು ಎಂದರು, ಅದೂ ತಂಡದ ಕಾರ್ಯಕ್ರಮ ಇಲ್ಲದಿದ್ದರೆ. ಸಾಕಲ್ಲವೇ ಎಂದೆ. ತಲೆ ಅಲ್ಲಾಡಿಸಿದರು. ‘ಹೊಸದಾಗಿ ಕಲಿಯೋರಿಗೆ ಗುರು ಕಣ್ಮುಂದ ಇರ್ಬೇಕು ಕಾಕಾ. ತಪ್ಪು ಒಮ್ಮಿ ಬೆರಳಿಗೆ ಅಂಟಿದ್ರ ಬಿಡಂಗಿಲ್ಲ. ಪುಸ್ತಕ ತಪ್ಪು ತೋರ್ಸಂಗಿಲ್ಲ, ಬೆನ್ನಿಗೆ ಗುದ್ದಂಗಿಲ್ಲ.’ ನೀವೆಲ್ಲಿ ಕಲಿತಿರಿ ಎಂದರೆ ದಾವಣಗೆರೆ ಎಂದರು. ನೀನು ಹೇಳಿದ ಅದೇ ಕ್ಲಾಸು, ಅದೇ ಮೇಷ್ಟ್ರು. ಕಟ್ಟುನಿಟ್ಟಂತೆ, ಆದರೆ ಒಬ್ಬೊಬ್ಬರ ಬೆರಳು ಹಿಡಿದು ತಿದ್ದುತ್ತಾರಂತೆ.

ಬರುವಾಗ ಬಸ್ಸಿನಲ್ಲಿ ಯೋಚಿಸಿದೆ, ತಿಂಗಳಿಗೊಮ್ಮೆ ಎನ್ನುವುದನ್ನು ವಾರಕ್ಕೊಮ್ಮೆ ಎಂದು ಹೇಳಿಬಿಡಲೇ ಎಂದು. ನೀನು ನಂಬುತ್ತಿದ್ದೆ. ಇಲ್ಲೇ ಅರ್ಜಿ ಹಾಕುತ್ತಿದ್ದೆ. ನಿನ್ನೆ ಬೂತಿನಲ್ಲಿ ಆ ಮಾತು ನಾಲಿಗೆಯ ತುದಿಗೆ ಬಂದೇ ಬಂದಿತ್ತು. ಸೆಕೆಯ ಮಾತು ಆಡಿದ್ದು ಅದಕ್ಕೆ.

ದಾವಣಗೆರೆಯ ಅರ್ಜಿಯನ್ನೇ ಹಾಕು. ನಾಳೆ ಮೊದಲ ಬಸ್ಸಿಗೆ ನಮ್ಮ ಓಣಿಯ ಜಂಬಕ್ಕ ಹರಪನಹಳ್ಳಿಯ ಸಂತೆಗೆ ಹೊರಟಿದ್ದಾಳೆ, ಈ ಕಾಗದ ಅವಳ ಕೈಯಲ್ಲಿ ಕಳಿಸುತ್ತೇನೆ. ಗಿಟಾರನ್ನು ಮಾತ್ರ ಸೋಮವಾರ ನಾನೇ ತರುತ್ತೇನೆ. ಬೊಮ್ಮಪ್ಪನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಿದ್ದೇನೆ. ಅಲ್ಲಿ ಹಾಸ್ಟೆಲ್ ಊಟ ಹೇಗೋ ಏನೋ, ಶೇಂಗಾ ಚಟ್ನಿ ಪುಡಿ ಮಾಡಿಸಿ ತರುವೆ, ಖಾರ...

ಹೊತ್ತು ಇಳಿಯಿತಲ್ಲ, ಸಾಲು ಒಂದರ ಮೇಲೊಂದು ಬೀಳುತ್ತಿದೆ. ಕರೆಂಟೂ ಇಲ್ಲ.

ನಿನ್ನ ಬರುವಿಕೆಯನ್ನು ಕಾಯುವ ಅಪ್ಪ,
ಶಿವಯೋಗಪ್ಪ

ಮ.ಬ.: ಹೊಸ್ತಿಲ ಮೇಲೆ ಇನ್ನೂ ಒಂಚೂರು ಬೆಳಕಿದೆ. ಕೊಟ್ಟೂರಿನಲ್ಲಿ ಕಲಿಸುವವರು ಸಿಗಲಿಲ್ಲ, ಆದರೆ ಕಲಿಯುವವನೊಬ್ಬ ಇದ್ದಾನೆ. ಅಂಜಿನಕ್ಕನ ಇಲಿ ನಾನೇ. ಮೊದಮೊದಲು ಮೆಣಸಿನಕಾಯಿ ತೂಗಿದರೆ ಎಡಗೈ ಬೆರಳು ಉರಿಯುತ್ತಿದ್ದವು, ಈಗ ತುದಿ ಗಟ್ಟಿಯಾಗಿವೆ. ನುಡಿಸದೆ ಬಿಟ್ಟರೆ ಮತ್ತೆ ಮೆತ್ತಗಾಗುತ್ತವೆ ಎಂದು ಪ್ರಬುದ್ಧ ಹೇಳಿದ್ದಾರೆ. ಅಷ್ಟರೊಳಗೆ ಒಮ್ಮೆ ಗಿಟಾರು ತೆಗೆದುಕೊಂಡು ರಜೆಗೆ ಬಾ.