ಐದನೇ ಮನೆಯ ವೃದ್ಧೆ

ಮನೆಯಿಂದ,
ಭಾನುವಾರ, ಊಟದ ನಂತರ

ನನ್ನ ಮುದ್ದಿನ ಪುಟ್ಟಿ,

ಹೇಗಿದ್ದೀಯೇ? ಕೆಮ್ಮು ನಿಂತಿತೋ, ಇಲ್ಲ ಪ್ರಬಂಧದ ನೆಪ ಹೇಳಿ ಮಾತ್ರೆ ನುಂಗದೆ ಕೂತಿದ್ದೀಯೋ? ಆಯಸ್ಸೆಲ್ಲ ದಾದಿಯಾಗಿದ್ದವಳ ಮೊಮ್ಮಗಳು ಕೆಮ್ಮಿಕೊಂಡು ಓಡಾಡಿದರೆ ನನ್ನ ಮಾನ ಹೋಗುತ್ತದೆ. ನನ್ನ ಮಂಡಿ ಹಾಗೇ ಇದೆ. ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ, ಗೊತ್ತಲ್ಲ.

ಕೆಳಗಿನ ಮನೆಯ ಟೈಲರಮ್ಮನ ವಿಳಾಸಕ್ಕೆ ನೀನು ಕಳಿಸಿದ ಅಧ್ಯಾಯ ಓದಿದೆ. ಮನೆಮನೆಗೆ ಹೋಗಿ ಅಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿಕೊಂಡು ಬಂದರೆ ಸಮಾಜಶಾಸ್ತ್ರದಲ್ಲಿ ಎಂ.ಎ. ಕೊಡುತ್ತಾರೆಂದು ಗೊತ್ತಿದ್ದರೆ ನಾನು ಯಾವತ್ತೋ ಪಾಸಾಗುತ್ತಿದ್ದೆ. ಅದಿರಲಿ. ಹೆಸರು ಹಾಕುವುದಿಲ್ಲ, ಯಾರಿಗೂ ಗುರುತು ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆ. ಹೆಸರೇನೋ ತೆಗೆದಿದ್ದೀಯ. ಆದರೆ ‘ಐದನೇ ಮನೆಯ ವೃದ್ಧೆ, ನಿವೃತ್ತ ದಾದಿ, ಬಲಗಿವಿ ಕೇಳಿಸದು, ಮುಖ್ಯೋಪಾಧ್ಯಾಯನಾದ ಮಗನ ಜೊತೆ ವಾಸ’ ಎಂದು ಬರೆದ ಮೇಲೆ ಹೆಸರು ಬೇರೆ ಬೇಕೇನೇ ತಾಯಿ? ಅದರ ಕೆಳಗೇ ನಾನು ಹೇಳಿದ ಮಾತು: “ನಂಗೆ ಮಗನ್ನ ಕಂಡ್ರೆ ಭಯ. ಹೊಡೆಯಲ್ಲ, ಬಯ್ಯಲ್ಲ. ಆದ್ರೆ ಮೆಟ್ಟಿಲು ಇಳಿಯೋಕೂ ಅವನನ್ನ ಕೇಳ್ಬೇಕು.”

ಶುಕ್ರವಾರ ವಿಭಾಗದಲ್ಲಿ ಎಲ್ಲರೆದುರು ನೀನು ಇದನ್ನು ಓದುತ್ತೀಯ, ನಿನ್ನಪ್ಪನೂ ಬರುತ್ತಿದ್ದಾನೆ. ಕೋಟಿಗೆ ಈಗಲೇ ಇಸ್ತ್ರಿಯಾಗಿದೆ. ಮಗಳ ಜಾಣತನ ತೋರಿಸಲು ಇಬ್ಬರು ಮೇಷ್ಟ್ರುಗಳನ್ನೂ ಕರೆತರುತ್ತಾನಂತೆ. ಓದಿ ಮುಗಿಸಿ ನೀನು ಹಾಸ್ಟೆಲಿಗೆ ಹೋಗುತ್ತೀಯ. ಅವನು ನಾನಿರುವ ಮನೆಗೆ ಬರುತ್ತಾನೆ. ಕೈಮುಗಿದು ಕೇಳುತ್ತೇನೆ, ನನ್ನನ್ನು ಬದಲಾಯಿಸು. ಗಂಡಸು ಮಾಡು, ಅಂಚೆಯವನನ್ನು ಮಾಡು, ಎರಡು ಕಿವಿಯನ್ನೂ ವಾಪಸು ಕೊಡು. ಅಷ್ಟೆಲ್ಲ ತಿರುಚಿದರೆ ಸುಳ್ಳಾಗುತ್ತದೆ ಅನ್ನುವುದಾದರೆ ಐದನೇ ಮನೆಯನ್ನೇ ಕಿತ್ತುಹಾಕು. ಕಿತ್ತರೆ ಅಧ್ಯಾಯವೇ ನಿಲ್ಲುವುದಿಲ್ಲ, ಪದವಿ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂದು ನಿಮ್ಮ ಮೇಡಂ ಹೇಳಿದ್ದನ್ನು ನೀನೇ ಬರೆದಿದ್ದೀಯ. ಸಂಕಟವಾಗುತ್ತದೆ ಕಣೇ. ಆದರೂ ಕೇಳುತ್ತಿದ್ದೇನೆ. ಅವನು ಕೆಟ್ಟವನಲ್ಲ, ನನ್ನ ಔಷಧಿ ಒಂದು ಹೊತ್ತೂ ತಪ್ಪಿಸಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೂಮಿನ ಹುಡುಗಿಯನ್ನು ಕೇಳಿದೆನೆಂದು ಹೇಳು. ತಣ್ಣಗಿರು ಮಗಳೇ, ಯಾರಿಗೂ ತಲೆತಗ್ಗಿಸದೆ ಬಾಳು.

ನಿನ್ನ ಅಜ್ಜಿ

ಇನ್ನೊಂದು ಮಾತು: ಸಹಿ ಹಾಕುವಷ್ಟರಲ್ಲಿ ನಿನ್ನಪ್ಪ ಬಾಗಿಲಿಗೆ ಬಂದ. ಹಾಳೆಗಳನ್ನು ದಿಂಬಿನಡಿ ತಳ್ಳಿದೆ. ಅವನು ನಗುತ್ತಲೇ, “ಪುಟ್ಟಿಗಾ? ಬರಿ, ಬರಿ. ಕವರ್ ಅಂಟಿಸ್ಬೇಡ ಅಮ್ಮಾ, ನಾನೊಂದ್ಸಲ ನೋಡಿ ಹಾಕ್ತೀನಿ” ಅಂದ. ನಾನು ಆಗಲಿ ಅಂದುಬಿಟ್ಟೆ. ಅವನು ಆಚೆ ಹೋದ ಮೇಲೆ ಮೈಯೆಲ್ಲ ಉರಿದುಹೋಯಿತು. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಅಧ್ಯಾಯದ ಒಂದಕ್ಷರ ತೆಗೆಯಬೇಡ, ಇದ್ದದ್ದು ಇದ್ದ ಹಾಗೇ ಓದು. ಈ ಕಾಗದವನ್ನು ಅಂಟಿಸಿಯೇ ಟೈಲರಮ್ಮನ ಕೈಗೆ ಕೊಡುತ್ತೇನೆ. ಶುಕ್ರವಾರ ಅವಳ ಜೊತೆ ನಾನೂ ಬರುತ್ತೇನೆ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಿಡಿದಿಡು, ನಿನ್ನಪ್ಪನ ಪಕ್ಕದಲ್ಲೇ.